ಆವಾಜಿನ ನಾಕಾ ದಾಟಿದ್ದು

ಮಸ್ಕಿ

ನಮ್ಮ ವಕೀಲಸಾಬ್ರ ಜೋಡಿ ಜಗಳಾಡಬೇಕಂದ್ರ ನಾನು ಲಿಂಗಸುಗೂರಾಗ ಬಸ್ ಹತ್ತಿ ಮಸ್ಕಿಗೆ ಹೋಗಬೇಕಿತ್ತು. ಅವರನ್ನೂ ಜೋಡಿಗೆ ಕರಕೊಂಡ ಹೋಗಬೇಕಿತ್ತು ಅನ್ನಿ. ವಕೀಲಸಾಬ್ರು ಅಂದ್ರ ನಮ್ಮ ಯಜಮಾನ್ರು, ಲಿಂಗಸುಗೂರು ಕೋರ್ಟಿನಾಗ ವಕೀಲಿ ಮಾಡೋರು. ಏಳು ವರ್ಷದಿಂದ ಕಿವಿ ಕೇಳತಿರಲಿಲ್ಲ.

ಮಸ್ಕಿ ನನ್ನ ತವರು. ಅಲ್ಲಿ ನಮ್ಮಣ್ಣಂದು ಹತ್ತಿ ಗಿರಣಿ. ಗಿರಣಿ ಚಾಲೂ ಆತಂದ್ರ ಮಗ್ಗಲಾಗ ನಿಂತವನ ಮಾತು ಮಗ್ಗಲಿನವನಿಗೆ ಕೇಳಂಗಿಲ್ಲ. ಊರಮಂದಿಯೆಲ್ಲಾ ಕಿವುಡಾಗೋ ಆ ಜಾಗಾದಾಗ ನಮ್ಮ ಯಜಮಾನ್ರಿಗೆ ಮಾತ್ರ ಎಲ್ಲಾ ಸಾಫ್ ಕೇಳತಿತ್ತು. ಹೊರಗ ಬಂದ್ರ ಮತ್ತ ಕಲ್ಲು. ಕಿವುಡರೊಳಗ ಹಿಂಥಾದೂ ಒಂದು ನಮೂನಿ ಐತಿ ಅಂತ ಮುಂದ ವಿಲಾಯತಿ ಡಾಕ್ಟರು ಹೇಳಿದ್ರು. ಗದ್ದಲದಾಗ ಎಲ್ಲಾರೂ ದನಿ ಏರಿಸಿ ಮಾತಾಡ್ತಾರ. ಇವರ ಕಿವಿಯೊಳಗ ಗದ್ದಲ ಹೋಗಂಗಿಲ್ಲ, ಏರಿಸಿದ ದನಿ ಹೋಗತೈತಿ. ನಮಗೇನು ಗೊತ್ತು ಅದು. ಗಿರಣಿಯೊಳಗ ಯಾವುದೋ ಗಾಳಿ ಮೈಮ್ಯಾಲೆ ಬಂದು ಕೇಳಸ್ತೈತಿ ಅಂತ ನಮ್ಮವ್ವ ನಿಂಬಿಹಣ್ಣು ಇಳೇ ತಗದು ಹಳ್ಳದಾಗ ಒಗದು ಬಂದಿದ್ಲು.

ಹಂಗಾಗಿ ವಕೀಲಸಾಬ್ರ ದಫ್ತರ ಗಿರಣಿಗೆ ಬಂತು. ಸಿಂಧನೂರು ಕಡಿಯಿಂದ ಹೊಲದ ತಂಟೆ ಹೊತ್ತು ಬರೋ ರೈತರು ಹತ್ತಿ ಧೂಳಿನಾಗ ಕುಂತು ಗಂಟಲು ಹರಕೊಂಡು ತಮ್ಮ ಕಷ್ಟ ಹೇಳೋರು. ಹೊರಗ ಬರೋದ್ರೊಳಗ ವಕೀಲರಿಗೂ ರೈತರಿಗೂ ಒಮ್ಮೆಲೇ ಮುಪ್ಪು ಬಂದು, ಹುಬ್ಬು ಮೀಸಿ ಎಲ್ಲಾ ಬೆಳ್ಳಗಾಗಿರತಿತ್ತು. ನಾನೂ ತಿಂಗಳಿಗೊಮ್ಮೆ ಹೋಗಿ ನನ್ನ ಫಿರ್ಯಾದು ಅಲ್ಲೇ ಹೇಳಿಕೊಂಡು ಬರತಿದ್ದೆ. ಮನಿಯೊಳಗ ಮಾತಾಡೋದು ಬ್ಯಾರೆ, ಕಿವಿಗೆ ಹಿತ್ತಾಳಿ ಲಾಳಿಕಿ ಹಚ್ಚಿ ಒದರಬೇಕು. ಎಣ್ಣಿ ಸುರಿಯೋ ಲಾಳಿಕಿನ ಅದು. ಅದರಾಗ ಉಪ್ಪು ತರ್ರಿ ಅನ್ನಬಹುದು, ಜಗಳ ಆಡಾಕ ಬರಂಗಿಲ್ಲ.

ಆದ್ರ ಕೋರ್ಟನ್ನ ಹತ್ತಿ ಗಿರಣಿಯೊಳಗ ತಂದು ಇಡಾಕ ಆಗತೈತೇನು? ನಿಜಾಮನ ಕಾಲದ ಮುನ್ಸೀಫರು ಗುಡುಗೋರು, ಅದೊಂದು ಪುಣ್ಯ. ಪೊಲೀಸ್ ಕಾರ್ಯಾಚರಣಿ ಆಗಿ ಹೊಸಾ ಸರಕಾರ ಬಂದ ಮ್ಯಾಲೆ ಬಂದ ಮುನ್ಸೀಫರು ಭಾಳ ಸಭ್ಯಸ್ಥರು, ಬೆಕ್ಕು ಹಾಲು ಕುಡದಷ್ಟು ಸಪ್ಪಳ ಮಾಡಿ ಮಾತಾಡೋರು. ಜವಳಗೇರಾದ ಹುಸೇನಪ್ಪಂದು ಒಂದು ಬದುವಿನ ತಂಟೆ ಇತ್ತು. "ಬದು ಒತ್ತಿದವ ನಿಮ್ಮ ಕಕ್ಷಿದಾರನೇನ್ರಿ?" ಅಂತ ಮುನ್ಸೀಫರು ಕೇಳ್ಯಾರ. ಇವರು ಬಗ್ಗಿ ಸಲಾಮು ಹೊಡದು "ಬರೋಬ್ಬರಿ, ಹುಜೂರ್" ಅಂದಾರ. ಮುಗೀತು, ಕೇಸು ಬಿತ್ತು. ಅವತ್ತು ಸಂಜಿಗೆ ಹುಸೇನಪ್ಪ ನಮ್ಮ ಕಟ್ಟಿಗೆ ಬಂದು ನಿಂತ. ಬೈಯ್ಲಿಲ್ಲ, ಏನಿಲ್ಲ. "ಸಾಬ್ರ, ನೀವು ಯಾರ ವಕೀಲರು?" ಅಂತ ಒಂದ ಮಾತು ಕೇಳಿ ಹೋದ. ಅದನ್ನ ನಾನು ಲಾಳಿಕಿಯೊಳಗ ಹೇಳಲಿಲ್ಲ, ಅವರಿಗೆ ಅಂವನ ಮಾರಿ ನೋಡಿನ ಗೊತ್ತಾತು.

ಕಿವಿ ಸರಿ ಮಾಡಿಕೊಂಡು ಬರ್ರಿ, ಇಲ್ಲಂದ್ರ ಕರೇ ಕೋಟು ಬಿಚ್ಚಿಡ್ರಿ ಅಂತ ಮುನ್ಸೀಫರು ಗಡುವು ಹಾಕಿ ಚೀಟಿ ಬರದು ಕಳಿಸಿದ್ರು. ಅವತ್ತಿನಿಂದ ಯಜಮಾನ್ರು ಅರ್ಧಾ ರೊಟ್ಟಿಗೇ ಏಳಾಕ ಹತ್ತಿದ್ರು. ಬದುವಿನ ತಂಟೆ, ನೀರಿನ ತಂಟೆ, ಅಣ್ಣತಮ್ಮರ ತಂಟೆ, ಇವು ಮೂರು ಇಲ್ಲಂದ್ರ ಆ ಮನುಷ್ಯಾಗ ಜೀವನದಾಗ ರುಚಿ ಇಲ್ಲ. ರಾಯಚೂರಿನ ಡಾಕ್ಟರು ಕಿವಿಯೊಳಗ ಬ್ಯಾಟರಿ ಬಿಟ್ಟು ನೋಡಿ, "ಒಳಗ ಒಂದು ಸಣ್ಣ ಎಲುಬು ಬಿಗದು ಕುಂತೈತಿ. ಲಂಡನ್ನಿನಾಗ ಒಬ್ಬರು ಮಗ್ಗಲಿಗೆ ಕಿಟಕಿ ಕೊರದು ಆವಾಜು ಒಳಗ ಬಿಡ್ತಾರ. ಆದ್ರ ಕೆಟ್ಟಿತಂದ್ರ ಆ ಕಿವಿ ಪೂರಾ ಹೋತು, ಗಿರಣಿಯೊಳಗೂ ಕೇಳಂಗಿಲ್ಲ" ಅಂದ್ರು.

ಖರ್ಚಿನ ಮಾತು ಎತ್ತಬ್ಯಾಡ್ರಿ, ಎತ್ತಿದ್ರ ನಮ್ಮ ಮಾವ ಸಮಾಧಿಯೊಳಗಿಂದ ಎದ್ದು ಕುಂದರತಾನ.

ಆಕಾಶದಾಗ

ಮುಂಬಯಿಂದ ವಿಮಾನ. ಹಡಗಿನಾಗ ಹೋದ್ರ ಕೋರ್ಟಿನ ಗಡುವು ಮೀರತೈತಿ ಅಂತ ವಿಮಾನ. ಒಳಗ ಕಾಲಿಡೋಕಿಂತ ಮೊದಲ ನಾನು ನೆಲ ಮುಟ್ಟಿ ನಮಸ್ಕಾರ ಮಾಡಿದೆ, ಬಾಗಲದಾಗ ನಿಂತ ಮೇಮ್ ನನ್ನದೇನೋ ಕಳದೈತಿ ಅಂತ ತಾನೂ ಬಗ್ಗಿ ಹುಡುಕಾಕ ಹತ್ತಿದ್ಲು.

ನಾಕೂ ಪಂಖಾ ತಿರುಗಾಕ ಹತ್ತಿದ ಮ್ಯಾಲೆ ಆ ಸಪ್ಪಳ ಏನು ಹೇಳ್ತೀರಿ, ನಮ್ಮಣ್ಣನ ಗಿರಣಿ ಅದರ ಮುಂದ ಜೋಗುಳ. ವಿಮಾನದಾಗಿನ ಮಂದಿಯೆಲ್ಲಾ ಒಬ್ಬರಿಗೊಬ್ಬರು "ಆಂ? ಆಂ?" ಅನ್ನಾಕ ಹತ್ತಿದ್ರು. ನಾನು ಕಿಟಕಿಯೊಳಗಿಂದ ಕೆಳಗ ನೋಡಿದೆ. ನೀರು. ಬರೇ ನೀರು. ಏಳು ವರ್ಷದ ರೂಢಿ ನೋಡ್ರಿ, ಗಂಡನ ಎದುರಿಗೇ ನನ್ನ ಪಾಡಿಗೆ ನಾನು ಜೋರಾಗಿ ಗೊಣಗಿದೆ: "ಈ ಬೋಳತಲಿ ಮುದುಕನ್ನ ಕಟಗೊಂಡು ಅರಬೀ ಸಮುದ್ರದಾಗ ಮುಳುಗಿ ಸಾಯೋದು ನನ್ನ ಹಣ್ಯಾಗ ಬರದಿತ್ತು."

"ಬೋಳ ಅಲ್ಲ, ಹಣಿ ದೊಡ್ಡದು" ಅಂದ್ರು ವಕೀಲಸಾಬ್ರು.

ನಾನು ಥಟ್ಟನೆ ಹೊಳ್ಳಿ ನೋಡಿದೆ. ಅವರು ಕಾಲಮ್ಯಾಲೆ ಕಾಲು ಹಾಕಿ ಆರಾಮ ಕುಂತಾರ. ಹಿಂದಿನ ಕುರ್ಚಿಯಾಗ ಒಬ್ಬ ಸಾಹೇಬ ತನ್ನ ಹೇಂತಿಗೆ ಏನು ಅಂದ, ಅಕಿ ಏನು ತಿರುಗಿ ಅಂದ್ಲು, ಮುಂದಿನ ಸಾಲಿನ ಪಾರ್ಸಿ ಮುದುಕನಿಗೆ ಯಾವ ಮಗನ ಮ್ಯಾಲೆ ಸಿಟ್ಟು, ಎಲ್ಲಾ ನನಗ ಒಪ್ಪಿಸಿದ್ರು. ಇಡೀ ವಿಮಾನದಾಗ ಕಿವಿ ಇದ್ದವ್ರು ಅವರೊಬ್ಬರ. ಮಧ್ಯದಾಗ ಎಣ್ಣಿ ಹಾಕಾಕ ಒಂದು ಮರಳುಗಾಡಿನಾಗ ಇಳಿಸಿದ್ರು. ಪಂಖಾ ನಿಂತವು, ಯಜಮಾನ್ರ ಮಾರಿ ಮ್ಯಾಲಿನ ಬೆಳಕೂ ಹಂಗ ನಿಂತು ಹೋತು. ಮತ್ತ ವಿಮಾನ ಹತ್ತೋತನಕ ನಾವು ಲಾಳಿಕಿಗೆ ಬಂದ್ವಿ. ಮ್ಯಾಲೆ ಏರಿದ ಕೂಡಲೆ ಅವರು ನನ್ನ ಕೈ ಹಿಡಕೊಂಡು, "ಇಲ್ಲೇ ಇದ್ದು ಬಿಡೂಣೇನು?" ಅಂದ್ರು. ನನಗ ಅಳು ಬಂತು. ಸಮುದ್ರ ನೋಡಿ ಅಂಜಿಕಿ ಆತು ಅಂತ ಸುಳ್ಳು ಹೇಳಿದೆ.

ಲಂಡನ್

ಇಳದ ಕೂಡಲೆ ಸುಂಕದವರು ಗಂಟು ಬಿಚ್ಚಿದ್ರು. ನಮ್ಮ ಕಟಕ ಸಜ್ಜಿರೊಟ್ಟಿಗೆ ಬೆರಳಿನಿಂದ ತಟ್ಟಿ ಸಪ್ಪಳ ಕೇಳಿದ ಒಬ್ಬ ಸಾಹೇಬ. ಇನ್ನೊಬ್ಬನ್ನ ಕರದು ತಟ್ಟಿಸಿದ. ಶೇಂಗಾ ಚಟ್ನಿಪುಡಿ ಮೂಸಿ ಸೀನಿದ. ಲಾಳಿಕಿ ಹಿಡದು ಕೈಸನ್ನಿಲೆ ಇದ್ಯಾತಕ್ಕ ಅಂದ್ರ ನಾನು ಯಜಮಾನ್ರ ಕಿವಿಗೆ ಹಚ್ಚಿ, "ಇದ್ಯಾತಕ್ಕ ಅಂತ ಕೇಳಾಕತ್ತಾನ್ರೀ" ಅಂತ ಒದರಿ ತೋರಿಸಿದೆ. ನೂರು ಮಾರು ದೂರದಾಗ ನಿಂತ ಪೊಲೀಸ ಓಡಿ ಬಂದ.

ಆ ದೇಶದಾಗ ಒದರಂಗಿಲ್ರಿ. ಬಸ್ಸಿನಾಗ ಕುಂತ ಮಂದಿ ಹೆಣದ ಮನಿಗೆ ಬಂದವರಂಗ ಪಿಸಿಪಿಸಿ ಮಾತಾಡ್ತಾರ. ಒಬ್ಬರ ಕಾಲು ಒಬ್ಬರು ತುಳದ್ರ, ತುಳಿಸಿಕೊಂಡವನೂ ಮಾಫಿ ಕೇಳತಾನ. ಹಿಂಥಾ ಊರಾಗ ನಾನು ಲಾಳಿಕಿ ಹಿಡಕೊಂಡು ತಿರುಗಿದ್ದು. ನನಗ ಕೇಳಸ್ತೈತಿ, ಇಂಗ್ಲಿಷ್ ಬರಂಗಿಲ್ಲ. ಅವರಿಗೆ ಹೈದರಾಬಾದಿನಾಗ ಕಲತ ಇಂಗ್ಲಿಷ್ ಬರತೈತಿ, ಕೇಳಸಂಗಿಲ್ಲ. ಹಂಗಾಗಿ ಎದುರಿನವರು ಅಂದದ್ದನ್ನ ನನಗ ಹೆಂಗ ಕೇಳತೈತೋ ಹಂಗ ಒದರಬೇಕು, ಅವರು ಅದನ್ನ ಅರ್ಥ ಹಚ್ಚಿ ಉತ್ತರ ಕೊಡಬೇಕು. ಇಬ್ಬರು ಕೂಡಿ ಒಬ್ಬ ಮನುಷ್ಯಾ ಆಗಿದ್ವಿ, ಅದೂ ಅರಬರಿ.

ನಾವು ಇಳಕೊಂಡ ಮನಿ ಮಾರ್ಥಾ ಅನ್ನೋ ವಿಧವಿ ಮುದುಕಿಯದು. ಅಕಿ ತಂಗಿ ಮಗ ಟಾಮ್, ಉದ್ದ ಕುತ್ತಿಗಿ ಹುಡುಗ, ಆದಿತವಾರಕ್ಕೊಮ್ಮೆ ಚಹಾಕ್ಕ ಬರತಿದ್ದ. ಅಂವನ ಉದ್ಯೋಗ ಏನಂದ್ರ, ದೊಡ್ಡ ಕೊಳವಿಯೊಳಗ ಜೋರಾಗಿ ಗಾಳಿ ಬಿಟ್ಟು, ಅದರಾಗ ಗೊಂಬಿ ವಿಮಾನ ಕಟ್ಟಿ, ಗಾಳಿ ಹೆಂಗ ಬಡೀತೈತಿ ಅಂತ ನೋಡೋದು. ಗಾಳಿ ಬಡದದ್ದನ್ನ ನೋಡವ ಅಂದ ಕೂಡಲೆ ನಾನು ಸ್ವಲ್ಪ ಹಿಂದ ಸರದು ಕುಂತೆ. ನಮ್ಮ ಕಡಿ ಗಾಳಿ ಬಡೀತಂದ್ರ ದೆವ್ವ ಹಿಡೀತಂತ ಅರ್ಥ, ಅದನ್ನ ಬಿಡಿಸಾಕ ಗುರುವಾರ ದರ್ಗಾಕ್ಕ ಹೋಗಬೇಕು. ಇಂವ ಪಗಾರ ತಗೊಂಡು ಬಡಿಸ್ತಿದ್ದ.

ಅಂವ ಮೊದಲನೇ ದಿನ ಯಜಮಾನ್ರಿಗೆ ಏನೋ ಹುರುಪಿನಿಂದ ಹೇಳಿದ. ಮಾತಿಗೊಮ್ಮೆ "ಸೌಂಡ್ ಬ್ಯಾರಿಯರ್, ಸೌಂಡ್ ಬ್ಯಾರಿಯರ್" ಅಂದ. ನಾನು ಲಾಳಿಕಿಯೊಳಗ, "ಸೌದಾ ಬ್ಯಾರೆ ಅಂತ" ಅಂತ ಒದರಿದೆ. ಯಜಮಾನ್ರು ಮಾರಿ ಗಂಟು ಹಾಕಿಕೊಂಡ್ರು. ಊಟಾ ಮನಿಬಾಡಿಗಿಯೊಳಗ ಬರಂಗಿಲ್ಲ, ಅದರ ಸೌದಾ ಬ್ಯಾರೆ ಅಂತ ಮುದುಕಿ ಈ ಹುಡುಗನ ಬಾಯಿಂದ ಹೇಳಸಾಕತ್ತಾಳ ಅಂತ ಅವರಿಗೆ ಅನಿಸಿತು. ಎದ್ದು ನಿಂತು ಕರಾರಿನ ಕಾಯದೆ ಹೇಳಾಕ ಶುರು ಮಾಡಿದ್ರು. ಟಾಮ್ ಗಾಬರಿ ಆಗಿ ಚಹಾ ಚಲ್ಲಿಕೊಂಡ. ಕಡೀಕ ಅಂವ ಕಾಗದದ ಮ್ಯಾಲೆ ಬರದು ತೋರಿಸಿದಾಗ ಇವರು ಹೊಟ್ಟಿ ಹಿಡಕೊಂಡು ನಕ್ಕು, "ಏ, ಸೌದಾ ಅಲ್ಲಬೇ, ನಾಕಾ. ಆವಾಜಿನ ನಾಕಾ" ಅಂದ್ರು.

ನಾಕಾ ಅಂದ್ರ ನನಗ ಛಲೋ ಗೊತ್ತು. ನಿಜಾಮನ ಸೀಮಿ ದಾಟೋ ರಸ್ತಾಕ್ಕೆಲ್ಲಾ ಕರೋಡಗಿರಿ ನಾಕಾ ಇರತಿದ್ದವು. ಬಿದಿರು ಅಡ್ಡ ಹಾಕಿ, ಬಂಡಿ ನಿಲ್ಲಿಸಿ, ಸುಂಕ ಕೀಳೋ ಜಾಗ. ಆಕಾಶದಾಗ ಇಂಗ್ಲಿಷ್ ಸರಕಾರದವರು ಒಂದು ಬಿದಿರು ಕಟ್ಟಿ, ಮೀಸಿ ಜವಾನನ್ನ ಕುಂದ್ರಿಸಿ, ಹೋಗಿ ಬರೋ ಆವಾಜಿಗೆಲ್ಲಾ ಸುಂಕ ಹಾಕ್ಯಾರ ಅಂತ ನಾನು ತಿಳಕೊಂಡೆ. ಇವರು ಮಾಡೋದು ಮಾಡ್ಯಾರ ಬಿಡು, ಉಪ್ಪಿಗೆ ಹಾಕಿದವರು ಆವಾಜಿಗೆ ಬಿಟ್ಟಾರೇನು? ಮನಸ್ಸಿನಾಗ ಒಂದು ಹುಳಾ ಹೊಕ್ಕಿತು: ನಮ್ಮ ಯಜಮಾನ್ರ ಕಿವಿಯೊಳಗೂ ಅಂಥಾದೊಂದು ನಾಕಾ ಇದ್ದೀತು.

ಡಾಕ್ಟರ ಮನಿ

ಡಾಕ್ಟರು ಕುಳ್ಳ, ಕೆಂಪು ಮನುಷ್ಯಾ. ಎರಡು ಹಲ್ಲಿನ ಕಬ್ಬಿಣದ ಚಿಮಟಾದಂಥಾದ್ದು ಒಂದನ್ನ ಮೊಣಕಾಲಿಗೆ ಬಡದು ಗುಂಯ್ ಅನಿಸಿ ಇವರ ಕಿವಿ ಮುಂದ ಹಿಡದ್ರು. ಇವರು ಇಲ್ಲ ಅಂತ ಕೈ ಅಲ್ಲಾಡಿಸಿದ್ರು. ಅದರ ಬುಡಾ ಕಿವಿ ಹಿಂದಿನ ಎಲುಬಿಗೆ ಊರಿದ ಕೂಡಲೆ ಇವರ ಕಣ್ಣು ಅಗಲಾದವು, "ಬಂತು, ಬಂತು" ಅಂದ್ರು. ಗಾಳಿಯೊಳಗ ಬಂದ ಆವಾಜು ಬಾಗಲದಾಗ ನಿಲ್ಲತೈತಿ, ಎಲುಬಿನಾಗ ಬಂದದ್ದು ಹಿತ್ತಲಿಂದ ಒಳಗ ಹೋಗತೈತಿ, ಅಂದ್ರ ಒಳಗಿನ ಮನಿ ಗಟ್ಟಿ ಐತಿ ಅಂತ ಡಾಕ್ಟರು ಬರದು ತಿಳಿಸಿದ್ರು. ಆಪರೇಶನ್ ಮಾಡೂಣು, ಆದ್ರ ಮಾತು ಕೊಡಂಗಿಲ್ಲ. ವಿಚಾರ ಮಾಡಿ ಬರ್ರಿ.

ಹೊರಗ ಬಂದು ಒಂದು ಕಟಗಿ ಬಾಂಕಿನ ಮ್ಯಾಲೆ ಕುಂತ್ವಿ. "ಬ್ಯಾಡ ಬಿಡ್ರಿ" ಅಂತ ನಾನು ಒದರಿದೆ, "ಇದ್ದ ಗಿರಣಿಯೂ ಹೋದ್ರ ಏನ ಮಾಡೋದು?" ಅವರು ಹಾದು ಹೋಗೋ ಬಸ್ಸುಗಳನ್ನ ನೋಡಕೋತ ಕುಂತ್ರು.

ವಿಮಾನದ ಬಯಲು

ಇವರ ಮಾರಿ ನೋಡಲಾರದೆ ಟಾಮ್ ನಮ್ಮಿಬ್ಬರನ್ನ ವಿಮಾನದ ಆಟ ನೋಡಾಕ ಕರಕೊಂಡು ಹೋದ. ಬಯಲು ತುಂಬ ಮಂದಿ. ಎಲ್ಲಾರೂ ಬುತ್ತಿ ಕಟ್ಟಿಕೊಂಡು, ಕಂಬಳಿ ಹಾಸಿಕೊಂಡು, ಕುತ್ತಿಗಿ ಮ್ಯಾಲೆ ಮಾಡಿ ಕುಂತಾರ. ನಾವೂ ಕಟಕ ರೊಟ್ಟಿ ಬಿಚ್ಚಿದ್ವಿ. ಟಾಮ್‌ಗ ಒಂದು ಕೊಟ್ಟೆ, ಅಂವ ಅದನ್ನ ತಾಟು ಅಂತ ತಿಳಕೊಂಡು ಅದರ ಮ್ಯಾಲೆ ತನ್ನ ಕೇಕು ಇಟ್ಟುಕೊಂಡು ತಿಂದು, ತಾಟು ನನಗ ಹೊಳ್ಳಿ ಕೊಟ್ಟ.

ಅಲ್ಲೇ ಒಂದು ವಿಮಾನ ನಿಂತಿತ್ತು. ಅದಕ್ಕ ಪಂಖಾನ ಇಲ್ಲ. ರೆಕ್ಕಿ ನೆಟ್ಟಗ ಇಲ್ಲ, ಹಿಂದಕ್ಕ ವಾಲ್ಯಾವ. ಮುರದಾವೇನು ಅಂತ ಕೇಳಿಸಿದೆ. ಟಾಮ್ ನಕ್ಕು, ಭಾಳ ಜೋರಿನಾಗ ಗಾಳಿಗೆ ಎದಿ ಕೊಟ್ಟು ಹೋದ್ರ ಗಾಳಿ ಬಿಡಂಗಿಲ್ಲ, ಓರಿ ಆಗಿ ಹೋಗಬೇಕು ಅಂದ. ಅದಂತೂ ನನಗ ಹೇಳಿ ಕೊಡಬೇಕಾಗಿಲ್ಲ. ಸಿಂಧನೂರು ಸಂತ್ಯಾಗ ಎದಿ ಕೊಟ್ಟು ನುಗ್ಗಿದವರು ಅಲ್ಲೇ ಸಿಕ್ಕೊಂಡು ಬೀಳ್ತಾರ, ಭುಜಾ ಓರಿ ಮಾಡಿದವರು ಕಾಯಿಪಲ್ಯೆ ತಗೊಂಡು ಮನಿಗೆ ಬರ್ತಾರ.

ಆಮ್ಯಾಲೆ ಅಂವ ಆ ನಾಕಾದ ಗುಟ್ಟು ಹೇಳಿದ. ಸುತ್ತಲಿನ ವಿಮಾನಗಳ ಆರ್ಭಟದಾಗ ಇವರಿಗೆ ಅಂವನ ಮಾತು ನೇರ ಕೇಳಸ್ತಿತ್ತು, ಲಾಳಿಕಿ ಚೀಲದಾಗ ಇತ್ತು. ಇವರು ಅದನ್ನ ನನಗ ನಮ್ಮ ಭಾಷಾದಾಗ ಹಿಂಗ ಹೇಳಿದ್ರು.

"ನಮ್ಮ ತಾಲೂಕಿನಾಗ ತಹಶೀಲದಾರ ದೌರಾ ಬರತಾನಿಲ್ಲೋ? ಅಂವನ ಕುದರಿ ಮುಂದ ಒಬ್ಬ ಜವಾನ ಓಡಿ ಬಂದು ಸುದ್ದಿ ಹೇಳತಾನ. ಸುದ್ದಿ ಬಂದ ಕೂಡಲೆ ಊರಾಗ ಏನಾಗತೈತಿ? ಚಾವಡಿ ಕಸ ಹೊಡೀತಾರ, ಕೋಳಿ ಮುಚ್ಚಿಡ್ತಾರ, ಬಂಡಿ ಬಾಜೂಕ ಸರಸ್ತಾರ. ಸಾಹೇಬ ಬರೋದ್ರೊಳಗ ರಸ್ತಾ ಖುಲ್ಲಾ. ವಿಮಾನದ ಮುಂದೂ ಹಂಗ ಒಬ್ಬ ಜವಾನ ಓಡತಾನ, ಆ ಜವಾನ ಅಂದ್ರ ಆವಾಜು. ಅಂವ ಮುಂದ ಹೋಗಿ ಗಾಳಿಗೆ 'ಸರೀರಿ, ಸರೀರಿ' ಅಂತ ಹೇಳಿದ್ರ ಗಾಳಿ ಸರೀತೈತಿ. ಆದ್ರ ಜವಾನನ ಓಟಕ್ಕ ಒಂದು ಮಿತಿ ಐತಿ. ಮಿಂಚು ಕಂಡ ಮ್ಯಾಲೆ ಸಾವಕಾಶ ಐದು ಎಣಿಸೋದ್ರೊಳಗ ಗುಡುಗು ಒಂದು ಮೈಲು ಬರತೈತಿ, ಅಷ್ಟ. ಈಗ ಸಾಹೇಬನ ಕುದರಿ ಜವಾನನಷ್ಟ ಜೋರಾಗಿ ಓಡಾಕ ಹತ್ತಿತು ಅಂತಿಟ್ಟುಕೊ. ಇನ್ನೂ ಜೋರಾತು. ಆಗೇನಾಗತೈತಿ?"

"ಸುದ್ದಿಗಿಂತ ಮೊದಲ ಸಾಹೇಬ ಬರತಾನ" ಅಂದೆ.

"ಹಂ. ಕಸ ಹೊಡದಿಲ್ಲ, ಕೋಳಿ ಮುಚ್ಚಿಲ್ಲ, ಗೌಡ ಇನ್ನೂ ಮಕ್ಕೊಂಡಾನ. ಒಮ್ಮೆಲೇ ಎಲ್ಲಾರೂ ಎದ್ದು ಒಬ್ಬರ ಮ್ಯಾಲೊಬ್ಬರು ಬಿದ್ದು ದಿಕ್ಕಾಪಾಲು. ಆ ದಡಬಡಿ ಐತಲ್ಲ, ಅದ ನಾಕಾ ಒಡದ ಸಪ್ಪಳ. ಮ್ಯಾಲೆ ಬಿದಿರಿಲ್ಲ, ಸುಂಕದವ ಇಲ್ಲ. ಗಾಳಿಗೆ ಸರಿಯಾಕ ಪುರಸತ್ತು ಸಿಗಂಗಿಲ್ಲ, ಅಷ್ಟ."

ಅಷ್ಟೊತ್ತಿಗೆ ಮಂದಿಯೆಲ್ಲಾ ಸುಮ್ಮನಾದ್ರು. ಬಾಕಿ ವಿಮಾನ ಎಲ್ಲಾ ಇಳದಿದ್ದವು. ಭಾಳ ಎತ್ತರದಾಗ ಒಂದು ಬಿಳೇ ಚುಕ್ಕಿ ಕಂಡಿತು. ಅದು ಮೂಗು ಕೆಳಗ ಮಾಡಿ ನಮ್ಮ ಕಡೀನ ಬೀಳಾಕ ಹತ್ತಿತು. ಸಪ್ಪಳಿಲ್ಲ. ನನಗ ಅನಿಸ್ತು, ಕಿವುಡು ಅಂದ್ರ ಹಿಂಗಿರಬೇಕು, ಎಲ್ಲಾ ಕಾಣತೈತಿ, ಏನೂ ಹೇಳಂಗಿಲ್ಲ. ಚುಕ್ಕಿ ವಿಮಾನ ಆಗಿ, ಮೂಗು ಮ್ಯಾಲೆತ್ತಿ ದೂರ ಹಾದು ಹೋತು. ಏನೂ ಇಲ್ಲ.

ಆಮ್ಯಾಲೆ ಧಡ್, ಧಡ್. ಎರಡು ಸಲ. ಎದಿ ಗೂಡಿಗೇ ಹೊಡದಂಗ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮುಂದಿನ ಕಂಬಳಿ ಮ್ಯಾಲಿನ ಕೂಸು ಒಂದ ಸವನೆ ಅಳಾಕ ಹತ್ತಿತು.

ವಕೀಲಸಾಬ್ರು ಎದ್ದು ನಿಂತಿದ್ರು. ಹಿಂದಕ್ಕ ತಿರುಗಿ, "ಆವೋ, ಆವೋ, ಅಂದರ್ ಆವೋ" ಅಂದ್ರು. ಯಾರೋ ಬಾಗಲಾ ಬಡದ್ರು ಅಂತ ತಿಳಕೊಂಡಿದ್ರು. ಏಳು ವರ್ಷದಾಗ ನಮ್ಮ ಮನಿ ಬಾಗಲಾ ಬಡದದ್ದು ಅವರಿಗೆ ಒಮ್ಮೆನೂ ಕೇಳಿರಲಿಲ್ಲ. ಹಿಂದ ಕುಂತಿದ್ದ ಒಬ್ಬ ಸಾಹೇಬ ಗಾಬರಿ ಆಗಿ ಟೊಪ್ಪಿಗಿ ತಗದು ಸಲಾಮು ಮಾಡಿದ.

"ಒಳಗ ಕುಂತು ನಡಸವಗ ಈ ಸಪ್ಪಳ ಕೇಳತೈತೇನು?" ಅಂತ ಲಾಳಿಕಿ ತಗದು ಕೇಳಿಸಿದೆ. ಇಲ್ಲಂತ. ಅಂವ ತನ್ನ ಸುದ್ದಿ ಬಿಟ್ಟು ಮುಂದ ಹೋಗಿರತಾನಂತ, ಅಂವಗ ಎಲ್ಲಾ ನಿಶ್ಶಬ್ದ. ಆ ಮಾತು ನನಗ ಯಾಕೋ ಚುಚ್ಚಿತು. ಯಜಮಾನ್ರು ಮಾತ್ರ ಕಂಬಳಿ ಮ್ಯಾಲೆ ಕುಂದ್ರದೆ ನಿಂತೇ ಇದ್ರು. "ಆಪರೇಶನ್ ಮಾಡಸ್ತೀನಿ. ಹೋದ್ರ ಹೋಗಲಿ" ಅಂದ್ರು. ನಾನು ಎದುರಾಡಾಕ ಹೋದೆ, ಆದ್ರ ಆ ಹೊತ್ತಿಗೆ ಬಯಲಾಗ ಗದ್ದಲ ಇರಲಿಲ್ಲ.

ಚಹಾದ ಮೇಜು

ಆಪರೇಶನ್ನಿನ ಹಿಂದಿನ ಆದಿತವಾರ ಟಾಮ್ ಮತ್ತ ಬಂದ. ನನ್ನ ಅಂಜಿಕಿ ಮರಸಾಕೋ ಏನೋ, ಮುಂದ ಮನುಷ್ಯಾ ಭೂಮಿ ಬಿಟ್ಟೂ ಹೋಗತಾನ ಅಂದ. ಮ್ಯಾಲೆ ಒಗದದ್ದು ಕೆಳಗ ಬೀಳಲಿಕ್ಕೇ ಬೇಕು, ಯಾರಿಗೆ ಹೇಳ್ತಿ ಅಂದೆ.

ಅಂವ ಮಾರ್ಥಾ ಮುದುಕಿಯ ಹೊಲಿಗಿ ನೂಲಿನ ಉಂಡಿ ತಗೊಂಡು ಅದರ ಮ್ಯಾಲೆ ಒಂದು ಗುಂಡುಸೂಜಿ ಹಿಡದು ತೋರಿಸಿದ. ಕಲ್ಲು ಒಗದ್ರ ಅಷ್ಟು ದೂರ ಹೋಗಿ ಬೀಳತೈತಿ. ಇನ್ನೂ ಜೋರಾಗಿ ಒಗದ್ರ ಇನ್ನೂ ದೂರ. ಭೂಮಿ ದುಂಡಗೈತಿ, ಕಲ್ಲು ಬೀಳೋದ್ರೊಳಗ ನೆಲಾನ ಬಾಗಿ ಕೆಳಗ ಹೋಗತೈತಿ. ತಕ್ಕಷ್ಟು ಜೋರಿದ್ರ ಕಲ್ಲು ಬೀಳಕೋತನ ಇರತೈತಿ, ನೆಲಕ್ಕ ಹತ್ತಂಗಿಲ್ಲ, ಸುತ್ತು ಹಾಕತೈತಿ. ಅದಕ್ಕೂ ಮೀರಿ, ಒಂದು ಸೆಕೆಂಡಿಗೆ ಏಳು ಮೈಲು ಒಗದ್ರ ಹೊಳ್ಳಿ ಬರೋದ ಇಲ್ಲ. ಇನ್ನೂ ಯಾರೂ ಒಗದಿಲ್ಲ, ಒಗೀತಾರ.

ಯಜಮಾನ್ರು ಇದನ್ನ ಕಾಗದದ ಮ್ಯಾಲೆ ಓದಿ, ನನಗೂ ತಿಳಿಸಿ, ಮೇಜು ಬಡದು ಖುಷಿಪಟ್ರು. "ನಮ್ಮಲ್ಲಿ ಆಗಲೇ ಒಗದಾರಲ್ಲೋ. ಅಪೀಲು ಹೋದ ಕೇಸು ಮತ್ತೇನು? ಲಿಂಗಸುಗೂರಾಗ ಒಗದದ್ದು ಲಿಂಗಸುಗೂರಾಗ ಬೀಳತೈತಿ. ಹೈದರಾಬಾದಿಗೆ ಅಪೀಲು ಹೋತಂದ್ರ ಸುತ್ತಾಕ ಹತ್ತಿತು, ಇವತ್ತ ಬಿತ್ತು ನಾಳೆ ಬಿತ್ತು ಅಂತ ಬೀಳಕೋತ ಇರತೈತಿ, ನೆಲಕ್ಕ ಮುಟ್ಟಂಗಿಲ್ಲ. ಕಾಗದ ಪತ್ರ ಕಳದು ಹೋದ ಕೇಸಂತೂ ಸೆಕೆಂಡಿಗೆ ಏಳು ಮೈಲು." ಟಾಮ್‌ಗ ಅರ್ಥ ಆಗಲಿಲ್ಲ, ಆದ್ರ ಇವರು ನಕ್ಕದ್ದು ನೋಡಿ ತಾನೂ ನಕ್ಕ. ಹೊಳ್ಳಿ ಬರೋದ ಇಲ್ಲ ಅನ್ನೋ ಮಾತಿಗೆ ಸತ್ತ ಗಂಡ ನೆನಪಾದ್ನೋ ಏನೋ, ಮುದುಕಿ ಮಾತ್ರ ಒಳಗ ಹೋಗಿ ಕಣ್ಣು ಒರಸಿಕೊಂಡು ಬಂದ್ಲು.

ದವಾಖಾನಿ

ಬಲಗಿವಿಯ ಹಿಂದ ಕೊರದ್ರು, ಗಿರಣಿಯೊಳಗ ಕೇಳತಿದ್ದ ಕಿವಿ ಅದೊಂದ. ತಲಿಗೆಲ್ಲಾ ಬಿಳೇ ಅರಿವಿ ಸುತ್ತಿ ತಂದು ಮಲಗಿಸಿದ್ರು. ಕಣ್ಣು ಬಿಟ್ಟ ಕೂಡಲೆ ಮಂಚದ ಕಬ್ಬಿಣ ಎರಡೂ ಕೈಯಿಂದ ಹಿಡಕೊಂಡು, "ಹಿಡಿ ನನ್ನ, ಹಿಡಿ, ಬೀಳಾಕತ್ತೀನಿ" ಅಂತ ಕೂಗಿದ್ರು.

ಎಲ್ಲೂ ಬಿದ್ದಿರಲಿಲ್ಲ, ಹಾಸಿಗಿ ಮ್ಯಾಲೆ ಅದಾರ. ಆ ಆಪರೇಶನ್ನಿಗೆ ಅದೊಂದು ಗುಣ ಐತಂತ, ಒಳಗಿನ ತಕ್ಕಡಿ ಅಲಗಾಡಿ ತಲಿ ತಿರುಗತೈತಿ, ಕೆಲವು ದಿನ ಬೇಕು. ನನಗ ಅದನ್ನ ಯಾರು ಹೇಳಬೇಕು? ನಾನು ಮಂಚದ ಮ್ಯಾಲೆ ಹತ್ತಿ ಕುಂತು ಅವರ ಎರಡೂ ಮುಂಗೈ ಹಿಡದೆ. ನರ್ಸಮ್ಮ ಬಂದು ಇಳೀ ಅಂದ್ಲು. ನಾನು ಕನ್ನಡದಾಗ ಅಕಿಗೆ ಒಂದು ಮಾತು ಅಂದೆ, ಅದನ್ನ ಇಲ್ಲಿ ಬರಿಯಂಗಿಲ್ಲ. ಅಕಿ ಇನ್ನೊಂದು ದಿಂಬು ತಂದು ಕೊಟ್ಲು.

"ಅಪೀಲಿಗೆ ಹೋಗ್ಯಾನ ನಿನ್ನ ಗಂಡ. ಸುತ್ತಾಕತ್ತಾನ" ಅಂದ್ರು ಕಣ್ಣು ಮುಚ್ಚಿಕೊಂಡು. ನಾನು ನಕ್ಕೆ, ಆಮ್ಯಾಲೆ ಅತ್ತೆ. ನಾನು ಭೂಮಿ ಅಲ್ಲ, ಕೈ ಹಿಡದ್ರ ಆ ಸುತ್ತು ನಿಲ್ಲಂಗಿಲ್ಲ ಅಂತ ಗೊತ್ತಿತ್ತು. ಆದ್ರೂ ಬಿಡಲಿಲ್ಲ.

ಕಿವಿಯೊಳಗ ಅರಿವಿ ತುರುಕಿದ್ದಕ್ಕ ಏನೂ ಕೇಳತಿರಲಿಲ್ಲ. ಲಾಳಿಕಿ ಹಚ್ಚಾಕ ಪರವಾನಗಿ ಇಲ್ಲ, ಒದರಾಕ ಪರವಾನಗಿ ಇಲ್ಲ. ಅರಿವಿ ತಗದ ಮ್ಯಾಲೆ ಸಾವಕಾಶ ಮಾತಾಡಬೇಕು, ರೂಢಿ ಮಾಡಿಕೊಳ್ಳಾಕ ಹೇಳ್ರಿ ಅಂತ ಡಾಕ್ಟರು ಬರದು ಕೊಟ್ಟದ್ದನ್ನ ಯಜಮಾನ್ರು ಓದಿ ಹೇಳಿದ್ರು. ನಾನು ಮನಿಯೊಳಗ ಕನ್ನಡಿ ಮುಂದ ನಿಂತು ರೂಢಿ ಮಾಡಿದೆ. ನನ್ನ ಪಿಸುಮಾತಿಗೆ ಮಗ್ಗಲ ಮನಿಯವರು ಕಿಟಕಿ ತಗದು ನೋಡಿದ್ರು. ಏಳು ವರ್ಷ ಒದರಿ ಒದರಿ ನನ್ನ ಗಂಟಲಿಗೆ ಬ್ಯಾರೆ ದಾರಿ ಮರತು ಹೋಗಿತ್ತು. ಒಂದು ಕಾಲಕ್ಕ ನಾನು ಹಾಡವಳು. ಈಗ ಗಂಡನಿಗೆ ಹತ್ತಿರ ಕುಂತು ಒಂದು ಮೆತ್ತನ್ನ ಮಾತು ಹೇಳು ಅಂದ್ರ ನನ್ನ ಹತ್ತಿರ ದನಿ ಇಲ್ಲ. ಅದಕ್ಕ ನನಗ ಭಾಳ ದುಃಖ ಆತು.

ಕಿಟಕಿ ತಗದ ದಿನ

ಅರಿವಿ ತಗಿಯೋ ದಿನ ಡಾಕ್ಟರು ಇವರನ್ನ ಒಂದು ಸ್ಟೂಲಿನ ಮ್ಯಾಲೆ ಗ್ವಾಡಿ ಕಡಿ ಮಾರಿ ಮಾಡಿ ಕುಂದ್ರಿಸಿದ್ರು. ತಮ್ಮ ಬೆರಳಿನಿಂದ ಇವರ ಎಡಗಿವಿ ಬಂದ್ ಮಾಡಿದ್ರು. ಕಾಗದದ ಮ್ಯಾಲೆ ಏನೋ ಬರದು ಕೊಟ್ರು. ಇವರು ಓದಿ ಹೇಳಿದ್ರು: "ನೀ ಹಿಂದ ಬಾಗಲದ ಹತ್ತಿರ ನಿಂತು ಸಾವಕಾಶ ಒಂದು ಮಾತು ಅನ್ನಬೇಕಂತ. ನಾ ಅಂದಾಜು ಮಾಡಾಕ ಆಗಲಾರದಂಥಾ ಮಾತು."

ನಾನು ಬಾಗಲದ ಹತ್ತಿರ ಹೋಗಿ ನಿಂತೆ. ಯಾವ ಮಾತು ಅನ್ನಲಿ? ಚಹಾ ಅಂದ್ರ ಅಂದಾಜು ಮಾಡ್ತಾರ. ಊಟಾ ಅಂದ್ರ ಮಾಡ್ತಾರ. ಬೈಗಳ ಅಂತೂ ಒಂದೂ ಉಳದಿಲ್ಲ, ಎಲ್ಲಾ ಗಿರಣಿಯೊಳಗ ಕೇಳ್ಯಾರ. ಕೂಡಿ ಸಂಸಾರ ಮಾಡಿದವರಿಗೆ ಅಂದಾಜು ಸಿಗಲಾರದ ಮಾತು ಎಲ್ಲಿಂದ ತರಬೇಕು? ಡಾಕ್ಟರು ಹುಬ್ಬು ಏರಿಸಿ ನನ್ನ ಕಡಿ ನೋಡಿದ್ರು. ಸ್ಟೂಲಿನ ಮ್ಯಾಲಿನ ಆ ಬೆನ್ನು ನೋಡಿದೆ. ಈಗ ಕೇಳಲಿಲ್ಲಂದ್ರ ಕೋರ್ಟೂ ಹೋತು, ಗಿರಣಿಯೂ ಹೋತು, ಆ ಕಿವಿಯೊಳಗ ಇನ್ನ ನಾನೂ ಇಲ್ಲ.

ನಮ್ಮ ಕಡಿ ಹೆಣ್ಣಮಕ್ಕಳು ಗಂಡನ ಹೆಸರು ತಗೊಳ್ಳಂಗಿಲ್ಲ. ಮದುವ್ಯಾಗ ಮುತ್ತೈದೇರು ಬಿಡದೆ ಕಾಡಿದಾಗ ಒಂದು ಒಡಪು ಕಟ್ಟಿ, ಅದರಾಗ ಹೆಸರು ಹುಗಿಸಿ ಹೇಳಿದ್ರ ಆತು. ನಾನು ಹೇಳಿದಾಗ ಬಾಜಾಬಜಂತ್ರಿ ಗದ್ದಲ, ಯಾರಿಗೆ ಕೇಳತೋ ಬಿಟ್ಟಿತೋ. ಆಮ್ಯಾಲೆ ಆ ಹೆಸರು ನನ್ನ ನಾಲಿಗಿ ಮ್ಯಾಲೆ ಬಂದಿಲ್ಲ. ಅದು ನಮ್ಮ ಮನಿದೇವರ ಹೆಸರೂ ಹೌದು, ಹಂಗಾಗಿ ದೇವರನ್ನೂ ನಾನು ಸುತ್ತು ಬಳಸೇ ಕರಿಯೋದು.

ಆ ಹೆಸರು ಅಂದೆ. ದನಿ ಬಂತೋ, ಬರೇ ಉಸಿರು ಬಂತೋ, ನನಗ ಕೇಳಲಿಲ್ಲ.

ಬೆನ್ನು ಅಲಗಾಡಲಿಲ್ಲ. ಡಾಕ್ಟರು ನನ್ನ ನೋಡಿದ್ರು, ನಾನು ನೆಲ ನೋಡಿದೆ. ಆತು, ಮುಗೀತು ಅಂದುಕೊಂಡೆ.

"ಯಾಕಬೇ," ಅಂದ್ರು ಅವರು, ಗ್ವಾಡಿ ಕಡಿ ಮಾರಿ ಮಾಡಿಕೊಂಡೇ. "ವಿಲಾಯತಿ ನೀರು ಕುಡದ ಕೂಡಲೆ ಗಂಡನ ಹೆಸರು ಹಿಡದು ಕರಿಯೋವಷ್ಟು ಸಲಿಗಿ ಬಂತೇನು?"

ನಾನು ಬಾಗಲಾ ಹಿಡಕೊಂಡು ಅಲ್ಲೇ ಕುಂತೆ. ಅವರು ಹೊಳ್ಳಿ ನೋಡಲಿಲ್ಲ, ಭುಜಾ ಮಾತ್ರ ಕುಣೀತಿದ್ದವು.

"ಇನ್ನೊಮ್ಮೆ ಅನ್ನು" ಅಂದ್ರು.

ಡಾಕ್ಟರಿಗೆ ಒಂದು ಸಲ ಸಾಕಾಗಿತ್ತು, ಅವರು ಕಾಗದದ ಮ್ಯಾಲೆ ಗೀಟು ಎಳದು ಮುಗಿಸಿದ್ರು. ಇವರಿಗೆ ಸಾಕಾಗಲಿಲ್ಲ. ಇನ್ನೊಮ್ಮೆ ಅಂದೆ. ಮತ್ತ ಅನ್ನು ಅಂದ್ರು, ಮತ್ತ ಅಂದೆ. ಆ ಹೆಸರು ಏನಂತ ನೀವು ಮಾತ್ರ ಕೇಳಬ್ಯಾಡ್ರಿ. ನಿಮ್ಮ ಕಿವಿ ಮೊದಲ ಛಲೋ ಅದಾವ, ನಿಮಗ್ಯಾಕ ಅದು.